ಹದಿನಾಲ್ಕು ಗಂಟೆ ಗಲ್ಲಾದ ಮೇಲೆ: ಸಣ್ಣ ಅಂಗಡಿಯವರು ಹೊತ್ತು ಉಳಿಸಿಕೊಳ್ಳುವ ಬಗೆ

ದಾವಣಗೆರೆಯ ಯಾವುದೇ ಬಡಾವಣೆಗೆ ಹೋಗಿ ನೋಡಿ. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತಿದ ಕಿರಾಣಿ ಅಂಗಡಿ ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತದೆ. ಮಧ್ಯಾಹ್ನ ಊಟಕ್ಕೆಂದು ಒಂದೂವರೆ ಗಂಟೆ ಮನೆಗೆ ಹೋಗಿ ಬಂದರೂ ಯಜಮಾನರು ಗಲ್ಲಾದ ಮೇಲೆ ಕೂತಿದ್ದು ಹದಿನಾಲ್ಕು ಗಂಟೆ. ಏಳೂ ದಿನ ಸೇರಿಸಿದರೆ ವಾರಕ್ಕೆ 98 ಗಂಟೆ. ಅದೇ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನ ಗಂಟೆಯನ್ನು ಕಾನೂನು ಎಣಿಸುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ಅವನಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದಲ್ಲೊಂದು ಪೂರ್ತಿ ರಜೆ; ಮೇಲೆ ದುಡಿಸಿದರೆ ದುಪ್ಪಟ್ಟು ಕೂಲಿ. ಯಜಮಾನರ ಗಂಟೆಯನ್ನು ಮಾತ್ರ ಯಾರೂ ಎಣಿಸುವುದಿಲ್ಲ, ಅವರೂ ಎಣಿಸಿಕೊಳ್ಳುವುದಿಲ್ಲ.

ದೇಹ ಮಾತ್ರ ಎಣಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಕೊಟ್ಟ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ದಾಟಿ ದುಡಿಯುವವರಿಗೆ ಲಕ್ವ ಹೊಡೆಯುವ ಅಪಾಯ ಶೇ 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ನಮ್ಮ ಅಂಗಡಿಯವರು ಆ 55ನ್ನು ಗುರುವಾರಕ್ಕೇ ಮುಟ್ಟಿರುತ್ತಾರೆ.

ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮಂಡಿಪೇಟೆ, ಚೌಕಿಪೇಟೆ, ಹದಡಿ ರಸ್ತೆ, ವಿನೋಬನಗರ, ಹೀಗೆ ಊರಿನ ಬೇರೆ ಬೇರೆ ಕಡೆಯ ಪುಸ್ತಕ ನೋಡುತ್ತಾ ಬಂದವರಿಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಗಿರಾಕಿ ಜಾಸ್ತಿ ಅಂತ ಹೊತ್ತು ಜಾಸ್ತಿ ಕೂರುವ ಅಂಗಡಿಗಳು ಕಡಿಮೆ. ದರ ಒಬ್ಬರ ತಲೆಯಲ್ಲಿ, ಉದ್ರಿ ಒಬ್ಬರ ನೆನಪಲ್ಲಿ, ಬೀಗದ ಕೈ ಒಬ್ಬರ ಜೇಬಲ್ಲಿ ಇರುವುದರಿಂದ ಆ ಒಬ್ಬರು ಎದ್ದು ಹೋಗಲಾರದೆ ಕೂತಿರುತ್ತಾರೆ. ಹೀಗಾಗಿ ಹೊತ್ತು ಕಡಿಮೆ ಮಾಡುವ ಕೆಲಸ ಗಡಿಯಾರದಿಂದ ಶುರುವಾದರೂ ಮುಗಿಯುವುದು ಅಂಗಡಿಯ ಒಳಗಿನ ಏರ್ಪಾಟಿನಲ್ಲಿ. ಕೆಳಗೆ ಬರೆದಿರುವುದನ್ನು ಅದೇ ಕ್ರಮದಲ್ಲಿ ಮಾಡಿ. ಮೊದಲ ಎರಡು ಹೆಜ್ಜೆ ಬಿಟ್ಟು ಮೂರನೆಯದಕ್ಕೆ ಕೈ ಹಾಕಿದರೆ ಹದಿನೈದು ದಿನದಲ್ಲಿ ಹಳೆಯ ದಾರಿಗೇ ಬಂದು ನಿಲ್ಲುತ್ತೀರಿ.

ಹೆಜ್ಜೆ 1: ಎರಡು ವಾರ ಹೊತ್ತಿನ ಲೆಕ್ಕ ಬರೆಯಿರಿ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ದಿನಕ್ಕೊಂದು ಪುಟ. ಎಡಗಡೆ ಗಂಟೆ, ನಡುವೆ ಆ ಗಂಟೆಯ ವ್ಯಾಪಾರ, ಬಲಗಡೆ ಆ ಗಂಟೆಯಲ್ಲಿ ನೀವು ಏನು ಮಾಡಿದಿರಿ. ಬಲಗಡೆಯದನ್ನು ಬಿಡಬೇಡಿ, ಎರಡನೆಯ ಹೆಜ್ಜೆಗೆ ಬೇಕಾಗುವುದು ಅದೇ. ಕ್ಯೂಆರ್ ಇಟ್ಟಿರುವವರಿಗೆ ಅರ್ಧ ಕೆಲಸ ಆಗಲೇ ಆಗಿದೆ: ಫೋನ್‌ಪೇ, ಪೇಟಿಎಂನ ವ್ಯಾಪಾರಿ ಆ್ಯಪ್‌ನಲ್ಲಿ ಪ್ರತಿ ಪಾವತಿಯ ಪಕ್ಕ ಹೊತ್ತು ಇರುತ್ತದೆ. ಹಿಂದಿನ ತಿಂಗಳದ್ದನ್ನೂ ತೆಗೆದು ನೋಡಬಹುದು.

ಯಾವ ಎರಡು ವಾರ ಅನ್ನುವುದೂ ಮುಖ್ಯ. ಒಂದು ವಾರ ತಿಂಗಳ ಮೊದಲ ಹತ್ತು ದಿನದೊಳಗೆ ಬರಲಿ, ಇನ್ನೊಂದು ಇಪ್ಪತ್ತನೇ ತಾರೀಖಿನ ನಂತರ. ಸಂಬಳದ ವಾರದ ವ್ಯಾಪಾರವನ್ನಷ್ಟೇ ನೋಡಿದರೆ ಎಲ್ಲ ಗಂಟೆಯೂ ಬೇಕು ಅನ್ನಿಸುತ್ತದೆ. ತಿಂಗಳ ಕೊನೆಯದನ್ನಷ್ಟೇ ನೋಡಿದರೆ ಯಾವುದೂ ಬೇಡ ಅನ್ನಿಸುತ್ತದೆ.

ಈಗ ಒಂದು ಗಂಟೆಯನ್ನು ತೆಗೆದುಕೊಂಡು ಪೂರ್ತಿ ಬಿಡಿಸಿ ನೋಡೋಣ. ರಾತ್ರಿ ಒಂಬತ್ತರಿಂದ ಹತ್ತರವರೆಗೆ ಕಿರಾಣಿ ಅಂಗಡಿಯಲ್ಲಿ 700 ರೂಪಾಯಿ ವ್ಯಾಪಾರ ಆಯಿತು ಎಂದಿಟ್ಟುಕೊಳ್ಳಿ. ಹೆಚ್ಚಿನದು ಬಿಸ್ಕತ್ತು, ಸೋಪು, ಎಣ್ಣೆ ಪ್ಯಾಕೆಟ್. ನೂರಕ್ಕೆ ಹತ್ತು ಉಳಿಯಿತು ಅಂದರೆ ಕೈಗೆ ಬಂದಿದ್ದು 70 ರೂಪಾಯಿ. ಆ ಹೊತ್ತಿನಲ್ಲಿ ಜೊತೆಗೊಬ್ಬ ಹುಡುಗ ಇದ್ದಾನೆ. ತಿಂಗಳಿಗೆ 12,000 ಸಂಬಳ, 26 ದಿನ, ವಾರದ 48ಕ್ಕೆ ಸರಿಯಾಗಿ ದಿನಕ್ಕೆ 8 ಗಂಟೆ ಲೆಕ್ಕ ಹಾಕಿದರೆ ಅವನ ಗಂಟೆಗೆ ಸುಮಾರು 58 ರೂಪಾಯಿ ಬೀಳುತ್ತದೆ. ಆದರೆ ಅದು ಅವನ ಎಂಟು ಗಂಟೆ ಮುಗಿದ ಮೇಲಿನ ಗಂಟೆ; ಕಾನೂನಿನಂತೆ ದುಪ್ಪಟ್ಟು ಕೊಟ್ಟರೆ ಸುಮಾರು 115. ಕರೆಂಟು ಬಿಡಿ, ನಿಮ್ಮ ಕೂಲಿ ಬಿಡಿ, ಆ ಗಂಟೆ ಆಗಲೇ ಸುಮಾರು 45 ರೂಪಾಯಿ ನಷ್ಟದಲ್ಲಿದೆ. ಹುಡುಗನಿಗೆ ಏನೂ ಹೆಚ್ಚಿಗೆ ಕೊಡದಿದ್ದರೆ ಆ ನಷ್ಟವನ್ನು ಅವನು ಹೊರುತ್ತಿದ್ದಾನೆ ಅಷ್ಟೇ. ಹೀಗೆ ಪ್ರತಿ ಗಂಟೆಯನ್ನೂ ಬಿಡಿಸಿ. ವ್ಯಾಪಾರದ ಮೊತ್ತ ನೋಡಬೇಡಿ, ಉಳಿದ ದುಡ್ಡು ನೋಡಿ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಗಂಟೆ ಕಡಿಮೆ ದುಡಿದರೂ ಗಿರಾಕಿಯನ್ನು ಕಟ್ಟಿಹಾಕುತ್ತವೆ. ಬೆಳಿಗ್ಗೆ ಹಾಲು ಒಯ್ಯಲು ಬರುವ ಅಮ್ಮನೇ ತಿಂಗಳ ಸಾಮಾನಿನ ಚೀಟಿ ಕೊಡುವವರು. ಹಾಲಿನಲ್ಲಿ ಏನೂ ಉಳಿಯುವುದಿಲ್ಲ ಎಂದು ಬೆಳಗಿನ ಹೊತ್ತು ಕತ್ತರಿಸಿದರೆ ಚೀಟಿಯೂ ಬೇರೆ ಅಂಗಡಿಗೆ ಹೋಗುತ್ತದೆ. ಅದಕ್ಕೆ ಪ್ರತಿ ಗಂಟೆಯ ಎದುರು ‘ಯಾರು ಬಂದರು’ ಅನ್ನುವುದನ್ನೂ ಎರಡು ಪದದಲ್ಲಿ ಬರೆದಿಡಿ. ಆಸ್ಪತ್ರೆ ಎದುರಿನ ಮೆಡಿಕಲ್ ಸ್ಟೋರಿನವರು ರಾತ್ರಿಯ ಗಂಟೆಯನ್ನು ಮುಟ್ಟಲೇಬೇಡಿ. ಅಲ್ಲಿ ಕಡಿಮೆ ಮಾಡಬೇಕಾದ್ದು ನೀವೊಬ್ಬರೇ ಕೂರುವುದನ್ನು, ಅಂಗಡಿ ತೆರೆದಿರುವುದನ್ನಲ್ಲ.

ಹೆಜ್ಜೆ 2: ತಲೆಯಲ್ಲಿರುವುದನ್ನು ಗೋಡೆಗೆ ಇಳಿಸಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಹೊತ್ತು ಹಿಡಿಯುವ ಹೆಜ್ಜೆ ಇದು. ಒಂದು ತಿಂಗಳಾದರೂ ಬೇಕು.

ನನಗೆ ಗೊತ್ತಿರುವ ಒಂದು ಹಾರ್ಡ್‌ವೇರ್ ಅಂಗಡಿಯ ಯಜಮಾನರು ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಫೋನು ಇರಲೇಬೇಕು. ‘ಅಣ್ಣಾ, ಮುಕ್ಕಾಲಿಂಚಿನ ಎಲ್ಬೋ ಎಷ್ಟಕ್ಕೆ ಕೊಡ್ಲಿ?’ ‘ಅಣ್ಣಾ, ಮೇಸ್ತ್ರಿ ಬಂದಾರೆ, ಎರಡು ಚೀಲ ಸಿಮೆಂಟು ಬರ್ಕೊಳ್ಳಿ ಅಂತಾರೆ.’ ‘ಅಣ್ಣಾ, ಟ್ಯಾಪು ಕಂಪನೀದು ಕೇಳ್ತಾರೆ, ನೂರು ರೂಪಾಯಿ ಬಿಟ್ಟು ಕೊಡ್ಲಾ?’ ಹೀಗೆ ಅನ್ನ ಆರುತ್ತದೆ, ಊಟ ಅರ್ಧಕ್ಕೆ ನಿಲ್ಲುತ್ತದೆ. ಅವರ ಮಗಳು ಒಂದು ವಾರ ಆ ಫೋನಿನ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯುತ್ತಾ ಹೋದಳು. ವಾರದ ಕೊನೆಗೆ ನೋಡಿದರೆ ಹೊಸ ಪ್ರಶ್ನೆಗಳು ಬೆರಳೆಣಿಕೆಯಷ್ಟೇ. ಉಳಿದವೆಲ್ಲ ಅವೇ ಅವೇ. ಬಹುಪಾಲು ದರ, ಆಮೇಲೆ ಉದ್ರಿ, ಆಮೇಲೆ ‘ಮಾಲು ಎಲ್ಲಿದೆ’. ಈಗ ಆ ಅಂಗಡಿಯಲ್ಲಿ ಫಿಟ್ಟಿಂಗ್ಸ್ ಇಡುವ ಒಂದೊಂದು ಡಬ್ಬಿಯ ಮೂತಿಗೂ ಮಾರ್ಕರಿನಲ್ಲಿ ದರ ಬರೆದಿದೆ, ಕೆಳಗೆ ಸಣ್ಣದಾಗಿ ಎಷ್ಟರವರೆಗೆ ಬಿಡಬಹುದು ಎಂಬ ಗುರುತು. ನೀವೂ ಇದನ್ನೇ ಮಾಡಿ: ನೀವಿಲ್ಲದಾಗ ಬರುವ ಪ್ರತಿ ಫೋನನ್ನೂ ಬರೆದಿಡಿ. ಆ ಪಟ್ಟಿಯಲ್ಲಿ ಎರಡು ಸಲ ಬಂದ ಪ್ರಶ್ನೆಗೆ ಅಂಗಡಿಯ ಗೋಡೆಯ ಮೇಲೆ ಉತ್ತರ ಇರಬೇಕು.

ದರ. ಪ್ಯಾಕೆಟ್ ಮಾಲಿಗೆ ಚಿಂತೆಯಿಲ್ಲ. ಅಕ್ಕಿ, ಬೇಳೆ, ಬೆಲ್ಲ, ಒಣಮೆಣಸಿನಕಾಯಿಯಂಥ ಬಿಡಿ ಮಾಲಿನ ದರ ಏರಿಳಿಯುವುದರಿಂದ ಒಂದು ಕರಿಹಲಗೆ ಹಾಕಿ, ಬೆಳಿಗ್ಗೆ ಬೋಣಿಗೆ ಮುಂಚೆ ಬರೆದುಬಿಡಿ. ಚೌಕಾಸಿ ನಡೆಯುವ ವ್ಯಾಪಾರವಾದರೆ ಬಟ್ಟೆ ಅಂಗಡಿಯವರ ಹಳೆಯ ಉಪಾಯ ಇದೆಯಲ್ಲ, ಚೀಟಿಯ ಮೂಲೆಯಲ್ಲಿ ಅಸಲು ದರವನ್ನು ಗುಟ್ಟಿನ ಅಕ್ಷರಗಳಲ್ಲಿ ಬರೆಯುವುದು, ಅದನ್ನು ಹುಡುಗರಿಗೆ ಕಲಿಸಿ. ‘ಇಷ್ಟಕ್ಕಿಂತ ಕೆಳಗೆ ಇಳಿಯಬೇಡ’ ಅನ್ನುವುದು ಗೊತ್ತಿದ್ದರೆ ಅವರು ನಿಮ್ಮಷ್ಟೇ ಚೆನ್ನಾಗಿ ವ್ಯಾಪಾರ ಮಾಡುತ್ತಾರೆ.

ಉದ್ರಿ. ದಾವಣಗೆರೆ ಸುತ್ತಲಿನ ಹಳ್ಳಿಯ ಗಿರಾಕಿ ಇರುವ ಅಂಗಡಿಯಲ್ಲಿ ಉದ್ರಿ ಬೇಡವೆನ್ನಲು ಬರುವುದಿಲ್ಲ. ಮೆಕ್ಕೆಜೋಳ ಎಪಿಎಂಸಿಗೆ ಬಂದ ಮೇಲೆ, ಭದ್ರಾ ಕಾಲುವೆಯ ಕಡೆಯವರಾದರೆ ಭತ್ತ ಮಾರಿದ ಮೇಲೆ ದುಡ್ಡು. ಆದರೆ ಯಾರಿಗೆ ಎಷ್ಟು ಅನ್ನುವುದು ನಿಮಗೊಬ್ಬರಿಗೇ ಗೊತ್ತಿದ್ದರೆ ಆ ಗಿರಾಕಿ ಬಂದಾಗಲೆಲ್ಲ ನೀವಿರಬೇಕು. ಖಾತೆ ಪುಸ್ತಕದಲ್ಲಿ ಪ್ರತಿ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಮಿತಿ ಬರೆಯಿರಿ: ಇವರಿಗೆ ಮೂರು ಸಾವಿರದವರೆಗೆ, ಇವರಿಗೆ ಐನೂರರವರೆಗೆ. ಮಿತಿಯೊಳಗೆ ಇದ್ದರೆ ಯಾರು ಬೇಕಾದರೂ ಬರೆದುಕೊಂಡು ಕೊಡಬಹುದು, ಗಿರಾಕಿಯ ಸಹಿ ಹಾಕಿಸಿಕೊಳ್ಳಬೇಕು. ಪುಸ್ತಕದಲ್ಲಿ ಹೆಸರಿಲ್ಲದವರಿಗೆ ನೀವು ಬರುವವರೆಗೆ ಉದ್ರಿ ಇಲ್ಲ. ಮಿತಿ ಬರೆಯಲು ಕೂತಾಗ ಯಾರ ಬಾಕಿ ಎರಡು ಸುಗ್ಗಿ ದಾಟಿದೆ ಅನ್ನುವುದೂ ಹೊರಗೆ ಬೀಳುತ್ತದೆ. ಅಂಥವರಿಗೆ ಹೊಸ ಮಾಲು ಕೊಡುವುದನ್ನು ಇವತ್ತೇ ನಿಲ್ಲಿಸಿ. ಬಾರದ ಬಾಕಿಯ ಬಡ್ಡಿಯನ್ನು ನೀವು ರಾತ್ರಿಯ ಗಂಟೆ ಕೂತು ತೀರಿಸುತ್ತಿದ್ದೀರಿ.

ಮಾಲು ತರಿಸುವುದು. ಕಂಪನಿಗಳ ಲೈನ್ ಹುಡುಗರು ಹೊತ್ತುಗೊತ್ತಿಲ್ಲದೆ ಬರುತ್ತಾರೆ; ಸಂಜೆ ಏಳಕ್ಕೆ ಗಿರಾಕಿ ತುಂಬಿದಾಗಲೇ ‘ಸಾರ್, ಆರ್ಡರ್’ ಅನ್ನುತ್ತಾರೆ. ವಾರದಲ್ಲಿ ಎರಡು ದಿನ, ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು, ಆ ಹೊತ್ತಿನಲ್ಲಿ ಮಾತ್ರ ಆರ್ಡರ್ ಎಂದು ಬೋರ್ಡು ಹಾಕಿ. ಮೊದಲು ಗೊಣಗುತ್ತಾರೆ, ಎರಡನೇ ವಾರಕ್ಕೆ ಒಗ್ಗಿಕೊಳ್ಳುತ್ತಾರೆ. ಅವರಿಗೂ ಕಾಯುವುದು ತಪ್ಪುತ್ತದೆ. ಶೆಲ್ಫಿನಲ್ಲಿ ಪ್ರತಿ ಮಾಲಿನ ಹಿಂದೆ ಒಂದು ಕೆಂಪು ಟೇಪು ಅಂಟಿಸಿ. ಮಾಲು ಇಳಿದು ಟೇಪು ಕಂಡಿತು ಅಂದರೆ ಹುಡುಗ ಪಟ್ಟಿಗೆ ಬರೆಯಬೇಕು.

ಗಲ್ಲಾ. ಎಲ್ಲಕ್ಕಿಂತ ಕಷ್ಟದ್ದು ಇದೇ, ನಂಬಿಕೆಯ ಮಾತು. ನನ್ನ ಅಭಿಪ್ರಾಯದಲ್ಲಿ ನಂಬಿಕೆಯನ್ನು ಪರೀಕ್ಷೆಗೆ ಹಚ್ಚದ ಹಾಗೆ ಏರ್ಪಾಟು ಮಾಡುವುದು ಇಬ್ಬರಿಗೂ ಮರ್ಯಾದೆ. ನೀವು ಏಳುವಾಗ ಗಲ್ಲಾದಲ್ಲಿ ಎಣಿಸಿದ ಎರಡು ಸಾವಿರ ಚಿಲ್ಲರೆ ಬಿಟ್ಟು ಉಳಿದದ್ದು ತೆಗೆದಿಡಿ. ಬಿಲ್ ಪುಸ್ತಕದ ಯಾವ ನಂಬರಿನಿಂದ ಅವನ ಪಾಳಿ ಶುರುವಾಯಿತು ಎಂದು ಇಬ್ಬರೂ ನೋಡಿ ಬರೆಯಿರಿ. ವಾಪಸ್ ಬಂದಾಗ ಬಿಲ್ಲಿನ ಮೊತ್ತ, ಕ್ಯೂಆರ್‌ಗೆ ಬಂದದ್ದು, ಉದ್ರಿಗೆ ಹೋದದ್ದು, ನಗದು, ನಾಲ್ಕನ್ನೂ ಅವನ ಎದುರೇ ಕೂಡಿಸಿ. ಐದು ನಿಮಿಷದ ಕೆಲಸ. ಹತ್ತಿಪ್ಪತ್ತು ರೂಪಾಯಿ ಹೆಚ್ಚುಕಮ್ಮಿ ಆದರೆ ದೊಡ್ಡದು ಮಾಡಬೇಡಿ, ನಿಮ್ಮ ಪಾಳಿಯಲ್ಲೂ ಆಗುತ್ತದೆ.

ಇವನ್ನೆಲ್ಲ ಒಂದೇ ದಿನ ಮಾಡಹೋಗಬೇಡಿ. ಮೊದಲ ವಾರ ದರ ಬರೆಯುವುದು. ಎರಡನೆಯ ವಾರ ದಿನಕ್ಕೊಂದು ಗಂಟೆ ಅಂಗಡಿಯಿಂದ ಎದ್ದು ಹೋಗುವುದು, ಅದೂ ವ್ಯಾಪಾರ ಇಲ್ಲದ ಹೊತ್ತಿನಲ್ಲಿ. ಹೋದಾಗ ನಿಜವಾಗಿಯೂ ಹೋಗಿ. ಎದುರಿನ ಚಹಾದ ಅಂಗಡಿಯಲ್ಲಿ ಕೂತು ಇತ್ತಲೇ ನೋಡುತ್ತಿದ್ದರೆ ಹುಡುಗ ಏನೂ ಕಲಿಯುವುದಿಲ್ಲ.

ಹೆಜ್ಜೆ 3: ತೆರೆಯುವ, ಮುಚ್ಚುವ ಹೊತ್ತು ಬದಲಿಸಿ

ಈಗ ನಿಮ್ಮ ಕೈಯಲ್ಲಿ ಎರಡು ವಾರದ ಲೆಕ್ಕ ಇದೆ, ನಾಲ್ಕಾರು ಕೆಲಸ ಬೇರೆಯವರ ಕೈಗೆ ಹೋಗಿವೆ. ಲೆಕ್ಕದಲ್ಲಿ ತೀರಾ ಬಡವಾಗಿ ಕಂಡ ಒಂದು ಗಂಟೆಯನ್ನು ಮೊದಲು ಬಿಡಿ, ಒಂದೇ ಒಂದು. ಬಹಳಷ್ಟು ಅಂಗಡಿಗಳಿಗೆ ಅದು ಮಧ್ಯಾಹ್ನದ್ದು. ಮಾರ್ಚಿನಿಂದ ಮೇವರೆಗೆ ಈ ಊರಿನ ಬಿಸಿಲಿನಲ್ಲಿ ಎರಡರಿಂದ ನಾಲ್ಕರವರೆಗೆ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ. ಅದರಲ್ಲಿ ಒಂದು ಗಂಟೆ ಶಟರ್ ಅರ್ಧ ಎಳೆದು ಮನೆಗೆ ಹೋಗಿ ಉಂಡು ಮಲಗಿ ಬಂದರೆ ಸಂಜೆಯ ವ್ಯಾಪಾರವೇ ಚುರುಕಾಗುತ್ತದೆ.

ಎಲ್ಲರೂ ಮೊದಲು ಕೇಳುವುದು ಒಂದೇ: ‘ನಾನು ಬಾಗಿಲು ಹಾಕಿದರೆ ಎದುರಂಗಡಿಯವನು ತೆಗೆದಿರುತ್ತಾನಲ್ರೀ?’ ನ್ಯಾಯವಾದ ಭಯ. ಒಂಬತ್ತಕ್ಕೆ ಬಾಗಿಲು ಹಾಕಬೇಕೆಂಬ ಆಸೆ ಅವರಿಗೂ ಇದೆ, ನಿಮಗೂ ಇದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಹತ್ತೂವರೆವರೆಗೆ ಕೂರುತ್ತೀರಿ. ಇದಕ್ಕೆ ಒಬ್ಬರೇ ಮಾಡುವ ಮದ್ದಿಲ್ಲ. ನಿಮ್ಮ ರಸ್ತೆಯಲ್ಲಿ ಅದೇ ವ್ಯಾಪಾರ ಮಾಡುವ ಮೂರು ನಾಲ್ಕು ಜನ ಒಂದು ಸಂಜೆ ಕೂತು ಮಾತಾಡಿ. ಅಮಾವಾಸ್ಯೆ ಪೂಜೆ ಮುಗಿಸಿ ಬೇಗ ಬಾಗಿಲು ಹಾಕಿದ ದಿನವೇ ಒಳ್ಳೆಯದು. ಒಮ್ಮೆಗೇ ದೊಡ್ಡ ಒಪ್ಪಂದ ಬೇಡ: ‘ಮುಂದಿನ ತಿಂಗಳು ಪೂರ್ತಿ ಒಂಬತ್ತಕ್ಕೆ’ ಅಷ್ಟು ಸಾಕು. ಒಬ್ಬರು ಒಪ್ಪದಿದ್ದರೆ ಉಳಿದ ಮೂವರು ಶುರು ಮಾಡಿ, ಆ ತಿಂಗಳ ವ್ಯಾಪಾರವನ್ನು ಪುಸ್ತಕದಲ್ಲಿ ನೋಡಿ. ತಿಂಗಳ ಸಾಮಾನಿನ ಗಿರಾಕಿ ಅರ್ಧ ಗಂಟೆಯ ವ್ಯತ್ಯಾಸಕ್ಕೆ ಅಂಗಡಿ ಬದಲಿಸುವುದಿಲ್ಲ. ಬದಲಿಸುವುದು ಮಾಲು ಕೆಟ್ಟದ್ದು ಬಂದಾಗ, ಮಾತು ಒರಟಾದಾಗ, ಮತ್ತು ‘ತೆಗೆದಿರುತ್ತಾರೋ ಇಲ್ಲವೋ’ ಎಂದು ನಂಬುವ ಹಾಗಿಲ್ಲದಾಗ. ಆದ್ದರಿಂದ ಹೇಳಿದ ಹೊತ್ತಿಗೆ ತೆರೆಯುವುದು, ಹೇಳಿದ ಹೊತ್ತಿಗೆ ಮುಚ್ಚುವುದು ಎಷ್ಟು ಗಂಟೆ ತೆರೆದಿದ್ದೀರಿ ಅನ್ನುವುದಕ್ಕಿಂತ ದೊಡ್ಡದು.

ಹೊಸ ಹೊತ್ತನ್ನು ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಹದಿನೈದು ದಿನ ಮೊದಲೇ ಪ್ರತಿ ಗಿರಾಕಿಗೂ ಬಾಯಲ್ಲಿ ಹೇಳಿ. ತಿಂಗಳ ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಹೇಳಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಟ್ಟಿಡಿ. ಸಂಜೆ ಬಂದವರು ಚೀಲ ಎತ್ತಿಕೊಂಡು ಹೋಗುತ್ತಾರೆ. ಸಂಜೆಯ ನೂಕುನುಗ್ಗಲು ಕಡಿಮೆಯಾದರೆ ರಾತ್ರಿಗೆ ಉಳಿಯುವ ಕೆಲಸವೂ ಕಡಿಮೆ.

ಹೋಟೆಲಿನವರಿಗೆ, ಭಟ್ಟಿಯವರಿಗೆ ಈ ಲೆಕ್ಕ ಹೊಂದುವುದಿಲ್ಲ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೆಲಸ ಶುರುವಾಗುವುದು ಹಿಂದಿನ ದಿನವೇ: ಅಕ್ಕಿ ಉದ್ದು ನೆನೆಸಿ, ಮಂಡಕ್ಕಿ ಸೇರಿಸಿ ರುಬ್ಬಿ, ಉಬ್ಬಲು ಬಿಟ್ಟು, ನಸುಕಿಗೆ ಎದ್ದು ಸೌದೆ ಒಲೆ ಹಚ್ಚಿ, ಪಲ್ಯ, ಕಾಯಿ ಚಟ್ನಿ. ಅಲ್ಲಿ ಗಡಿಯಾರಕ್ಕಿಂತ ಹಿಟ್ಟಿನ ಅಳತೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಮಧ್ಯಾಹ್ನದೊಳಗೆ ಎಷ್ಟು ಹಿಟ್ಟು ಖರ್ಚಾಗುತ್ತದೆ ಎಂದು ನೋಡಿ ಅಷ್ಟೇ ರುಬ್ಬಿ, ಹಿಟ್ಟು ಮುಗಿಯಿತು ಅಂದರೆ ಕಾವಲಿ ಇಳಿಸಿ. ಸಂಜೆಗೂ ದೋಸೆ ಹಾಕಲೇಬೇಕು ಅಂದರೆ ಕಾವಲಿಯ ಮುಂದೆ ಇನ್ನೊಬ್ಬರು ನಿಲ್ಲಬೇಕು. ಬೆಳಿಗ್ಗೆ ಒಲೆಯ ಝಳ ತಿಂದವರೇ ಸಂಜೆಯೂ ನಿಲ್ಲುವುದು ಬೇಡ. ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಹಚ್ಚಿದ ಮೇಲೆ ಅರ್ಧಕ್ಕೆ ಆರಿಸುವುದು ನಷ್ಟ. ಹಾಗಾಗಿ ಗಂಟೆ ಕತ್ತರಿಸುವ ಬದಲು ವಾರದ ದಿನ ಕತ್ತರಿಸಿ: ಆರು ದಿನ ತುಂಬಾ ಉರಿಸಿ, ಏಳನೆಯ ದಿನ ಬೆಂಕಿಯೇ ಬೇಡ.

ಹೆಜ್ಜೆ 4: ವಾರದ ರಜೆ, ವರ್ಷದ ರಜೆ

ಕೆಲಸದವರಿಗೆ ವಾರಕ್ಕೊಂದು ದಿನ ರಜೆ ಕೊಡುವುದು ಕಾನೂನು, ಆ ದಿನಕ್ಕೆಂದು ಸಂಬಳ ಹಿಡಿಯುವಂತಿಲ್ಲ. ಅವರಿಗೆ ಕೊಟ್ಟ ರಜೆಯ ದಿನ ಯಜಮಾನರು ಒಬ್ಬರೇ ಅಂಗಡಿ ಎಳೆಯುತ್ತಾರಲ್ಲ, ಅದನ್ನು ಬಿಡಿ. ಅದೇ ದಿನ ನೀವೂ ಬಾಗಿಲು ಹಾಕಿ. ಯಾವ ದಿನ ಅನ್ನುವುದನ್ನು ನಿಮ್ಮ ನೋಟ್‌ಬುಕ್ಕೇ ಹೇಳುತ್ತದೆ. ಕಚೇರಿಗಳ ಹತ್ತಿರದ ಚಹಾ, ಝೆರಾಕ್ಸ್ ಅಂಗಡಿಗೆ ಭಾನುವಾರ ಸಹಜ. ಹಳ್ಳಿಯ ಗಿರಾಕಿ ಭಾನುವಾರ ಪೇಟೆಗೆ ಬರುವ ಬಟ್ಟೆ ಅಂಗಡಿಗೆ ವಾರದ ನಡುವಿನ ದಿನ ವಾಸಿ. ಪೂರ್ತಿ ದಿನಕ್ಕೆ ಧೈರ್ಯ ಸಾಲದಿದ್ದರೆ ಅರ್ಧ ದಿನದಿಂದ ಶುರು ಮಾಡಿ, ಆದರೆ ಸಂಜೆಯ ಅರ್ಧವನ್ನು ರಜೆ ಮಾಡಿ. ಮಕ್ಕಳು ಶಾಲೆಯಿಂದ ಬಂದಿರುವುದು ಆಗಲೇ.

ವರ್ಷದ ರಜೆಗೆ ನಮ್ಮ ಪಂಚಾಂಗವೇ ದಾರಿ ತೋರಿಸುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲೂ ಇಲ್ಲ. ಬಟ್ಟೆ, ಬಂಗಾರ, ಶಾಮಿಯಾನ, ಅಡುಗೆ ಕಂಟ್ರಾಕ್ಟ್, ಫೋಟೊ ಸ್ಟುಡಿಯೊ, ಇವರೆಲ್ಲ ನಾಲ್ಕು ದಿನ ಊರು ಬಿಟ್ಟು ಹೋಗಲು, ವೈದ್ಯರ ಹತ್ತಿರ ಹೋಗಲು, ಅಂಗಡಿಗೆ ಸುಣ್ಣಬಣ್ಣ ಮಾಡಿಸಲು ಅದೇ ಹೊತ್ತು. ಕಾಲೇಜುಗಳ ಸುತ್ತಲಿನ ಮೆಸ್, ಜ್ಯೂಸ್, ಸ್ಟೇಷನರಿಯವರಿಗೆ ಸೆಮಿಸ್ಟರ್ ರಜೆ. ದೀಪಾವಳಿಯ ಹದಿನೈದು ದಿನ, ಮದುವೆ ಹಂಗಾಮು, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ, ಇಂಥ ಹೊತ್ತಿನಲ್ಲಿ ಹದಿನಾಲ್ಕು ಗಂಟೆ ಕೂರಿ, ತಪ್ಪೇನಿಲ್ಲ, ದುಡಿಮೆಯ ಕಾಲ ಅದು. ಆದರೆ ಹಂಗಾಮು ಯಾವ ತಾರೀಖಿಗೆ ಮುಗಿಯುತ್ತದೆ, ಮರುದಿನದಿಂದ ಎಷ್ಟು ಗಂಟೆಗೆ ಬಾಗಿಲು ಎಂದು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ. ಹಬ್ಬಕ್ಕೆಂದು ಹಿಗ್ಗಿಸಿದ ಹೊತ್ತು ತಾನಾಗಿಯೇ ಕುಗ್ಗುವುದಿಲ್ಲ.

ಹೆಜ್ಜೆ 5: ತೆರಿಗೆ ಲೆಕ್ಕವನ್ನು ರಾತ್ರಿಗೆ, ಭಾನುವಾರಕ್ಕೆ ಉಳಿಸಬೇಡಿ

ಬಾಗಿಲು ಹಾಕಿದ ಮೇಲೆ ಮನೆಯಲ್ಲಿ ಬಿಲ್ಲಿನ ಗಂಟು ಬಿಚ್ಚಿ ಕೂರುವ ಗಂಟೆಗಳನ್ನು ಯಾರೂ ಕೆಲಸ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಿನವೂ ಮಧ್ಯಾಹ್ನ ಕಾಲು ಗಂಟೆ, ಅಂಗಡಿಯಲ್ಲೇ, ಖರೀದಿ ಬಿಲ್ಲು ಒಂದು ಫೈಲಿಗೆ, ಮಾರಾಟದ ಮೊತ್ತ ಒಂದು ಪುಸ್ತಕಕ್ಕೆ. ಅಷ್ಟಾದರೆ ತಿಂಗಳ ಕೊನೆಗೆ ಗಂಟು ಇರುವುದಿಲ್ಲ.

ನಿಮಗೆ ಹೊಂದುವ ಪದ್ಧತಿ ಆರಿಸಿಕೊಂಡರೂ ಹೊತ್ತು ಉಳಿಯುತ್ತದೆ. ಜಿಎಸ್‌ಟಿಯಲ್ಲಿ ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಮುಂದಿನ ತಿಂಗಳ 11ಕ್ಕೆ, 3ಬಿ (ತೆರಿಗೆಯ ಲೆಕ್ಕ) 20ಕ್ಕೆ. ವಾರ್ಷಿಕ ವಹಿವಾಟು 5 ಕೋಟಿಯೊಳಗಿದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಕ್ಯೂಆರ್‌ಎಂಪಿ ಆರಿಸಿಕೊಳ್ಳಬಹುದು. ನಡುವಿನ ಎರಡು ತಿಂಗಳು 25ರೊಳಗೆ ತೆರಿಗೆ ಕಟ್ಟಿದರೆ ಸಾಕು. ವಹಿವಾಟು ಒಂದೂವರೆ ಕೋಟಿಯೊಳಗಿದ್ದು, ಮಾರಾಟ ರಾಜ್ಯದೊಳಗೇ ಇದ್ದು, ಗಿರಾಕಿಗಳು ತೆರಿಗೆ ಬಿಲ್ ಕೇಳುವವರಲ್ಲದಿದ್ದರೆ ಕಾಂಪೊಸಿಷನ್ ಪದ್ಧತಿ ಇನ್ನೂ ಹಗುರ: ವ್ಯಾಪಾರಿಗಳಿಗೆ ವಹಿವಾಟಿನ ಶೇ 1, ಹೋಟೆಲಿನವರಿಗೆ ಶೇ 5, ಮೂರು ತಿಂಗಳಿಗೊಮ್ಮೆ 18ರೊಳಗೆ. ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ, ಗಿರಾಕಿಯಿಂದ ತೆರಿಗೆ ಎಂದು ಬೇರೆ ವಸೂಲಿ ಮಾಡುವಂತಿಲ್ಲ. ನಿಮ್ಮ ಲೆಕ್ಕದವರ ಹತ್ತಿರ ಎರಡನ್ನೂ ಕೂಡಿಸಿ ಕಳೆದು ನೋಡಿಯೇ ಬದಲಿಸಿ.

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತರು. ಅದರಿಂದ ಹೊತ್ತು ಉಳಿಯುವುದಿಲ್ಲ, ಇನ್ನೂ ಹಾಳಾಗುತ್ತದೆ: ಚಿಲ್ಲರೆ ಹುಡುಕುವುದು, ನೋಟು ಎಣಿಸುವುದು, ಬ್ಯಾಂಕಿನ ಸಾಲು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ. ಹಾಲು, ತರಕಾರಿಯಂಥವಕ್ಕೆ ತೆರಿಗೆಯೇ ಇಲ್ಲ. ಯಾವುದು ಎಷ್ಟು ಮಾರಾಟವಾಯಿತು ಎಂದು ಬೇರೆ ಬೇರೆ ಬರೆದಿಟ್ಟವರು ನೋಟಿಸ್ ಬಂದರೂ ಉತ್ತರ ಕೊಟ್ಟು ಕೆಲಸಕ್ಕೆ ಮರಳಬಹುದು.

ಹೆಜ್ಜೆ 6: ಮನೆಯವರ ಗಂಟೆಯನ್ನೂ ಎಣಿಸಿ

ಯಜಮಾನರು ಮಧ್ಯಾಹ್ನ ಮಲಗಲು ಹೋದಾಗ ಗಲ್ಲಾದಲ್ಲಿ ಕೂರುವವರು ಯಾರು? ಬಹಳ ಅಂಗಡಿಗಳಲ್ಲಿ ಹೆಂಡತಿ. ಅವರು ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ, ಮಕ್ಕಳನ್ನು ಕಳಿಸಿ, ಅತ್ತೆ ಮಾವನ ಔಷಧ ನೋಡಿ ಅಂಗಡಿಗೆ ಬಂದಿರುತ್ತಾರೆ. ರಾತ್ರಿ ಹೋಗಿ ಮತ್ತೆ ಒಲೆ ಮುಂದೆ. ‘ಮನೇಲಿ ಸುಮ್ಮನೆ ಇರ್ತಾಳೆ, ಒಂದೆರಡು ಗಂಟೆ ಕೂತ್ಕೋತಾಳೆ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಹೊತ್ತಿನ ಪುಸ್ತಕದಲ್ಲಿ ಅವರಿಗೂ ಒಂದು ಕಾಲಂ ಇರಲಿ, ಮನೆಗೆಲಸದ ಗಂಟೆಯೂ ಅದರಲ್ಲಿ ಬರಲಿ. ನಿಮ್ಮ ಎರಡು ಗಂಟೆ ಉಳಿದದ್ದು ಅವರ ಎರಡು ಗಂಟೆ ಹೆಚ್ಚಾಗಿ ಅಂದರೆ ಉಳಿತಾಯ ಏನೂ ಆಗಿಲ್ಲ. ಅಂಗಡಿಯಲ್ಲಿ ದಿನವೂ ಕೂರುವವರಿಗೆ ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿ ಅವರ ಬ್ಯಾಂಕ್ ಖಾತೆಗೇ ಹಾಕಿ. ಮನೆಯಲ್ಲಿ ಅಡುಗೆಗೆ, ಪಾತ್ರೆಗೆ ಯಾರನ್ನಾದರೂ ಇಟ್ಟುಕೊಳ್ಳುವ ಖರ್ಚನ್ನು ಅಂಗಡಿಯ ಖರ್ಚು ಎಂದೇ ತಿಳಿಯಿರಿ.

ಫೋನು. ಅಂಗಡಿಗೊಂದು ಬೇರೆ ನಂಬರು ಮಾಡಿ. ವಾಟ್ಸ್‌ಆ್ಯಪ್ ಬಿಜಿನೆಸ್‌ನಲ್ಲಿ ಅಂಗಡಿಯ ಹೊತ್ತು ಹಾಕಿಡಲು, ಆ ಹೊತ್ತಿನಾಚೆ ಬಂದ ಮೆಸೇಜಿಗೆ ತಾನಾಗಿಯೇ ಉತ್ತರ ಹೋಗುವಂತೆ ಮಾಡಲು ಬರುತ್ತದೆ. ಆ ಫೋನು ರಾತ್ರಿ ಅಂಗಡಿಯಲ್ಲೇ ಉಳಿಯಲಿ.

ಹೆಜ್ಜೆ 7: ದೇಹದ ಲೆಕ್ಕ

ಉಳಿದ ಹೊತ್ತಿನಲ್ಲಿ ಮೊದಲ ಕೆಲಸ ತಪಾಸಣೆ. 30 ದಾಟಿದವರಿಗೆ ಬಿಪಿ, ಶುಗರ್ ನೋಡುವುದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ, ‘ನಮ್ಮ ಕ್ಲಿನಿಕ್’ ಹೆಸರಿನ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಉಚಿತ. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಎಂದು ವರ್ಷಗಟ್ಟಲೆ ಮುಂದೂಡಿದವರು ವಾರದ ರಜೆಯ ಮೊದಲ ದಿನವೇ ಹೋಗಿ. ಕೂತೇ ಇರುವವರು ಗಂಟೆಗೊಮ್ಮೆ ಎದ್ದು ಓಡಾಡಿ. ನಿಂತೇ ಇರುವವರು ಕಾಲು ಎತ್ತರಕ್ಕಿಟ್ಟು ಹತ್ತು ನಿಮಿಷ ಕೂರಿ. ನಿದ್ದೆ ಬಾರದೆ, ವ್ಯಾಪಾರದ ಚಿಂತೆಯಲ್ಲಿ ಎದೆ ಹೊಡೆದುಕೊಂಡು, ಯಾರ ಮೇಲೂ ರೇಗುವ ಹಾಗಾಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ ಯಾವಾಗಲೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಒಬ್ಬರೇ ಇರುವ ಅಂಗಡಿ, ಸಾಲವಿರುವ ಅಂಗಡಿ

ಗೂಡಂಗಡಿ, ಟೈಲರಿಂಗ್, ಮೊಬೈಲ್ ರಿಪೇರಿ, ಹೀಗೆ ಒಬ್ಬರೇ ನಡೆಸುವ ಕಡೆ ಕೆಲಸ ಹಂಚಲು ಯಾರೂ ಇಲ್ಲ. ಅಲ್ಲಿ ಎರಡು ದಾರಿ ಇವೆ. ಪಕ್ಕದ ಅಂಗಡಿಯವರ ಜೊತೆ ಒಂದೊಂದು ಗಂಟೆ ಕೊಡು-ಕೊಳ್ಳು: ನೀವು ಊಟಕ್ಕೆ ಹೋದಾಗ ಅವರು ನೋಡಿಕೊಳ್ಳುತ್ತಾರೆ, ಅವರು ಹೋದಾಗ ನೀವು. ಇನ್ನೊಂದು, ಬಂದವರ ಕೆಲಸವನ್ನೆಲ್ಲ ‘ಈಗಲೇ’ ಎಂದು ಒಪ್ಪಿಕೊಳ್ಳದೆ ಚೀಟಿಯಲ್ಲಿ ದಿನ, ಹೊತ್ತು ಬರೆದುಕೊಡುವುದು. ದಿನಕ್ಕೆ ಎಷ್ಟು ರವಿಕೆ ಹೊಲಿಯಲು ಆಗುತ್ತದೋ ಅಷ್ಟೇ ಚೀಟಿ. ಬೇಗ ಬೇಕು ಅಂದವರಿಗೆ ಹೆಚ್ಚಿನ ಕೂಲಿ ಹೇಳಿ. ಅರ್ಧ ಜನಕ್ಕೆ ಅವಸರವೇ ಇರುವುದಿಲ್ಲ.

ದಿನದ ಪಿಗ್ಮಿ, ವಾರದ ಕಂತು, ಕೈಸಾಲದ ಬಡ್ಡಿ ಕಟ್ಟಲೆಂದೇ ರಾತ್ರಿವರೆಗೆ ಕೂರುವವರಿಗೆ ಗಂಟೆ ಕಡಿಮೆ ಮಾಡಿ ಎಂದಷ್ಟೇ ಹೇಳುವುದು ಅನ್ಯಾಯ. ನಿಮ್ಮದು ಮೊದಲು ಸಾಲದ ಲೆಕ್ಕ. ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬಡ್ಡಿ ದರದ ಜೊತೆ ಬರೆಯಿರಿ, ಹೆಚ್ಚಿನ ಬಡ್ಡಿಯದನ್ನು ಮೊದಲು ಇಳಿಸಿ, ಬ್ಯಾಂಕಿನ ಕಡಿಮೆ ಬಡ್ಡಿಗೆ ಬದಲಿಸಲು ಆಗುತ್ತದೆಯೇ ವಿಚಾರಿಸಿ, ಉದ್ರಿಯ ಬಾಕಿ ವಸೂಲಿಗೆ ವಾರದಲ್ಲೊಂದು ಬೆಳಗು ಇಡಿ. ಇದರ ಜೊತೆಗೇ ಮೊದಲ ಎರಡು ಹೆಜ್ಜೆಗಳನ್ನೂ ನಡೆಸಬಹುದು, ಅವಕ್ಕೆ ಒಂದು ನೋಟ್‌ಬುಕ್ಕಿನ ಖರ್ಚಷ್ಟೇ.

ಮೂರು ತಿಂಗಳಾದ ಮೇಲೆ

ಮೊದಲ ತಿಂಗಳು ವ್ಯಾಪಾರ ಸ್ವಲ್ಪ ಇಳಿಯಬಹುದು, ಗಿರಾಕಿಗಳು ಹೊಸ ಹೊತ್ತಿಗೆ ಹೊಂದಿಕೊಳ್ಳುತ್ತಿರುತ್ತಾರೆ. ಮೂರು ತಿಂಗಳ ನಂತರ ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿ. ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಹಬ್ಬ, ಸುಗ್ಗಿ ಸೇರಿ ಲೆಕ್ಕ ತಪ್ಪುತ್ತದೆ. ಉಳಿಕೆ ಅಷ್ಟೇ ಇದ್ದರೆ ಇನ್ನೊಂದು ಗಂಟೆ ಬಿಡಿ. ಉಳಿಕೆ ಇಳಿದಿದ್ದರೆ ಬಿಟ್ಟ ಗಂಟೆಯ ಎದುರು ‘ಯಾರು ಬಂದರು’ ಎಂದು ಬರೆದದ್ದನ್ನು ತೆಗೆದು ನೋಡಿ, ಅವರಲ್ಲಿ ಈಗ ಬಾರದವರು ಯಾರು ಎಂದು ಹುಡುಕಿ, ಅವರಿಗೆ ಬೇಕಾದ ಹೊತ್ತಿನ ಅರ್ಧ ಗಂಟೆಯನ್ನು ಮಾತ್ರ ಮತ್ತೆ ಸೇರಿಸಿ. ಅದನ್ನೂ ಬೋರ್ಡಿನಲ್ಲಿ ತಿದ್ದಿ ಬರೆಸಿ.